ಹಗ್ಗ ಬಿಚ್ಚಿದ ಸುಮಿತ್ರಮ್ಮ

ಕೇರಳದ ಆಲುವದಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನತಿ ಸುಮಿತ್ರಮ್ಮ ಒಂದು ಅರ್ಜಿಯಲ್ಲಿ ಒಂದೇ ಒಂದು ಸಾಲು ಹೊಡೆದು ಹಾಕಿ ಇಪ್ಪತ್ತೊಂದು ಮನೆಯವರ ಬೈಗುಳ ತಿಂದರು. ಅವರಿಗೆ ಬುದ್ಧಿ ಹೇಳಲು ಹೋದವರಲ್ಲಿ ಮೊದಲನೆಯವನು ನಾನೇ. ಅದನ್ನು ಮುಚ್ಚಿಟ್ಟು ಅವರ ಕತೆ ಹೇಳಿದರೆ ನಾಚಿಕೆಗೇಡು. ಹಾಗಾಗಿ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಉಪೇಂದ್ರ, ಮಂಡ್ಯ ಕಡೆಯವನು, ಬ್ಯಾಂಕಿನ ನೌಕರ. ಜನರ ಮುಂದೆ ಕಾಗದ ಇಟ್ಟು, ಗುರುತು ಹಾಕಿದ ಕಡೆಯೆಲ್ಲ ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ಕಾಗದವನ್ನು ಓದುತ್ತ ಕೂರುವ ಗಿರಾಕಿ ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಹಡಿಯ ಮೇಲೆ ನಾನು, ಹೆಂಡತಿ ಶಾಲಿನಿ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುವ ಮಗಳು. ಕೆಳಗೆ ಸುಮಿತ್ರಮ್ಮ, ಅವರ ಮೂರು ದನ. ಕನ್ನಡ ಮಾತಾಡಲು ಒಬ್ಬರು ಸಿಕ್ಕರಲ್ಲ ಎಂಬ ಸಂತೋಷಕ್ಕೇ ಆ ಮನೆ ಹಿಡಿದದ್ದು. ಕನ್ನಡಕ್ಕಿಂತ ಸಗಣಿ ವಾಸನೆಯೇ ಹೆಚ್ಚು ಸಿಕ್ಕಿತು ಎಂದು ಶಾಲಿನಿ ರೇಗಿಸುತ್ತಿದ್ದಳು.

ಸುಮಿತ್ರಮ್ಮ ಕಾಸರಗೋಡಿನವರು, ಕುಂಬಳೆಯ ಹತ್ತಿರ. ಕನ್ನಡ ಶಾಲೆಯಲ್ಲಿ ಓದಿ, ಇಪ್ಪತ್ತಮೂರನೇ ವಯಸ್ಸಿಗೆ ಎರ್ನಾಕುಳಂನ ಒಂದು ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ಸೇರಿ, ಕೊನೆಗೆ ಬೆಂಚ್ ಕ್ಲರ್ಕ್ ಆಗಿ ನಿವೃತ್ತರಾದರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದರು. ಮೂವತ್ತಮೂರು ವರ್ಷ ಅವರು ನ್ಯಾಯಾಧೀಶರ ಪೀಠದ ಮುಂದೆ ಕೂತು ಸಾಕ್ಷಿಗಳ ಹೇಳಿಕೆ ಇಳಿಸಿಕೊಂಡವರು. ಸಾಕ್ಷಿ ಹೇಳಿದ್ದನ್ನೆಲ್ಲ ಅವನಿಗೇ ಓದಿ ಕೇಳಿಸಿ, ಅವನು ಸರಿ ಎಂದ ಮೇಲೆ ಸಹಿ ಹಾಕಿಸಿಕೊಳ್ಳಬೇಕೆನ್ನುವುದು ಕೋರ್ಟಿನ ಪದ್ಧತಿ. ಗಡಿಬಿಡಿಯಲ್ಲಿ ಎಷ್ಟೋ ಕಡೆ ಅದು ಹೆಸರಿಗಷ್ಟೇ ನಡೆಯುತ್ತದೆ. ಸುಮಿತ್ರಮ್ಮ ಮಾತ್ರ ಊಟದ ಹೊತ್ತು ಮೀರಿದರೂ, ವಕೀಲರು ಗೊಣಗಿದರೂ ಪೂರ್ತಿ ಓದುತ್ತಿದ್ದರು. ಒಮ್ಮೆ ಸೇಂದಿ ಇಳಿಸುವವನೊಬ್ಬ ಅರ್ಧಕ್ಕೆ ತಡೆದು, ಇದು ನಾನು ಹೇಳಿದ ಮಾತಲ್ಲ ಎಂದನಂತೆ. ಆ ಪದವನ್ನು ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಚಿಕ್ಕ ಸಹಿ ಹಾಕಿಸಿದರು. ಆ ಒಂದು ಪದದಿಂದ ಅವನ ಅಣ್ಣ ಜೈಲಿಗೆ ಹೋಗುವುದು ತಪ್ಪಿತು. ಇದನ್ನು ಅವರು ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ಪ್ರತಿ ಸಲವೂ ನಾನು ಹೂಂ ಎಂದು ಮೊಬೈಲ್ ನೋಡುತ್ತಿದ್ದೆ.

ನಿವೃತ್ತರಾದ ಮೇಲೆ ನಂಟರೆಲ್ಲ ಫ್ಲ್ಯಾಟ್ ತೆಗೆದುಕೋ ಎಂದರು. ಇವರು ಪೆರಿಯಾರ್ ನದಿಯ ಕಡೆಗಿನ ತಗ್ಗಿನಲ್ಲಿ ಒಂದು ಹಳೆಯ ಮನೆ ಕೊಂಡು ಹಿಂದೆ ದನದ ಹಟ್ಟಿ ಕಟ್ಟಿಸಿದರು. ಕೆಂಪಿ, ಮೋಹಿನಿ ಎಂಬ ಎರಡು ಮಿಶ್ರತಳಿಯ ಹಸುಗಳನ್ನು ಇಲ್ಲೇ ಕೊಂಡರು. ಮೂರನೆಯದು ಬೊಳ್ಳಿ, ಕಾಸರಗೋಡಿನ ಗಿಡ್ಡ ತಳಿಯದು, ಊರಿನಿಂದ ಟೆಂಪೋದಲ್ಲಿ ಬಂದದ್ದು. ಅದರ ಬೆನ್ನು ನನ್ನ ಸೊಂಟದವರೆಗೂ ಬರುತ್ತಿರಲಿಲ್ಲ. ಇದು ಹಸುವೋ ಆಡೋ ಎಂದು ಓಣಿಯವರೆಲ್ಲ ತಮಾಷೆ ಮಾಡಿದರು. ದಿನಕ್ಕೆ ಎರಡು ಲೋಟ ಹಾಲು ಕೊಡುವ ಅದಕ್ಕೆ ಸುಮಿತ್ರಮ್ಮ ಕೊಡುತ್ತಿದ್ದ ಹಿಂಡಿ ನೋಡಿದರೆ ನನ್ನೊಳಗಿನ ಬ್ಯಾಂಕಿನವನಿಗೆ ಸಂಕಟವಾಗುತ್ತಿತ್ತು. ಮಿಕ್ಕೆರಡರ ಹಾಲು ಓಣಿಯ ತುದಿಯ ಹಾಲಿನ ಸೊಸೈಟಿಗೆ ಹೋಗುತ್ತಿತ್ತು. ಆ ಸೊಸೈಟಿಯ ಕಾರ್ಯದರ್ಶಿ ಹಂಸಾ. ದನ ಕಟ್ಟಿದವರಿಗೆಲ್ಲ ಅರ್ಜಿ ಬರೆದುಕೊಡುವುದು, ಕಚೇರಿಗೆ ಓಡಾಡುವುದು, ಸಾಲ ಕೊಡಿಸುವುದು, ಎಲ್ಲವೂ ಅವನೇ. ಒಳ್ಳೆಯ ಮನುಷ್ಯ.

ಎರಡು ಸಾವಿರದ ಹದಿನೆಂಟರ ಆಗಸ್ಟಿನಲ್ಲಿ ಪ್ರಳಯ ಬಂತು. ಬೆಳಿಗ್ಗೆ ಎಂಟಕ್ಕೆ ಗೇಟಿನ ಹತ್ತಿರವಿದ್ದ ನೀರು ಒಂಬತ್ತಕ್ಕೆ ಹಟ್ಟಿಯೊಳಗಿತ್ತು. ನಾನು ಮಹಡಿಯ ಮೆಟ್ಟಿಲಿನಿಂದ ನೋಡುತ್ತಿದ್ದೆ. ಸುಮಿತ್ರಮ್ಮ ಸೀರೆ ಎತ್ತಿ ಕಟ್ಟಿ, ಸೊಂಟದುದ್ದ ನೀರಿನಲ್ಲಿ ನಿಂತು, ಮೂರು ದನಗಳ ಕುತ್ತಿಗೆಯ ಹಗ್ಗ ಬಿಚ್ಚಿದರು. ನೆನೆದ ಗಂಟು ಬಿಚ್ಚಲು ಬಾರದೆ ಮೋಹಿನಿಯದನ್ನು ಕತ್ತಿಯಿಂದ ಕುಯ್ದರು. ಒಂದೊಂದನ್ನೂ ಹಿಂದಿನಿಂದ ತಳ್ಳಿ, ಬಾಗಿಲು ದಾಟಿಸಿ, ರೈಲು ಹಳಿಯ ದಿಣ್ಣೆಯ ಕಡೆ ಮುಖ ಮಾಡಿಸಿದರು. ಮೇಲೆ ಬನ್ನಿ ಎಂದು ನಾನು ಕೂಗುತ್ತಲೇ ಇದ್ದೆ. ಇಳಿದುಹೋಗಿ ಕೈಜೋಡಿಸಲಿಲ್ಲ. ಹೆದರಿಕೆ, ಮತ್ತೇನು. ಮಧ್ಯಾಹ್ನ ಮೀನುಗಾರರ ದೋಣಿ ಬಂದು ನಮ್ಮನ್ನು ಕರೆದುಕೊಂಡು ಹೋಯಿತು.

ಶಿಬಿರದಿಂದ ವಾಪಸು ಬಂದಾಗ ಬೊಳ್ಳಿ ಆ ದಿಣ್ಣೆಯ ಮೇಲೆ ಇತ್ತು. ನಾಲ್ಕು ದಿನ ಅಲ್ಲಿನ ಹುಲ್ಲು ತಿಂದು ಆರಾಮಾಗಿತ್ತು, ಸುಮಿತ್ರಮ್ಮನನ್ನು ಕಂಡು ಮುಖ ತಿರುಗಿಸಿತಂತೆ. ಕೆಂಪಿ, ಮೋಹಿನಿ ಸಿಗಲೇ ಇಲ್ಲ. ಎರಡೂ ಗಬ್ಬವಾಗಿದ್ದವು. ಅವರು ಹದಿನೈದು ದಿನ ನದಿಯ ಉದ್ದಕ್ಕೂ ನಡೆದು ಹುಡುಕಿದರು. ಕೆಳಗಿನ ಕಡೆ ಸತ್ತ ದನಗಳನ್ನು ಜೆಸಿಬಿಯಿಂದ ಗುಂಡಿ ತೋಡಿ ಹೂತಿದ್ದರು. ಯಾರವು, ಯಾವ ಬಣ್ಣ ಎಂದು ಬರೆದಿಡಲು ಆಗ ಯಾರಿಗೂ ತಲೆ ಓಡಿರಲಿಲ್ಲ. ಪಕ್ಕದ ಮನೆಯ ಜುಬೈದಾಳ ಎರಡು ಹಸುಗಳು ಕಟ್ಟಿದಲ್ಲೇ ಸತ್ತಿದ್ದವು. ದೋಣಿ ಬಂದಾಗ ಅವಳು ಮಕ್ಕಳನ್ನು ಎತ್ತಿಕೊಂಡು ಓಡಿದ್ದಳು, ಹಗ್ಗದ ಕಡೆ ನೋಡಲು ಎಲ್ಲಿಯ ಸಮಯ?

ಸರ್ಕಾರ ಪರಿಹಾರ ಘೋಷಿಸಿತು. ಹಂಸಾ ತಡಮಾಡದೆ ಒಂದು ಅರ್ಜಿಯ ನಮೂನೆ ಟೈಪ್ ಮಾಡಿಸಿ, ಇಪ್ಪತ್ತೆರಡು ಪ್ರತಿ ಜೆರಾಕ್ಸ್ ತೆಗೆಸಿ, ಮನೆ ಮನೆಗೆ ಹಂಚಿದ. ಹೆಸರು, ದನಗಳ ಸಂಖ್ಯೆ ತುಂಬುವುದಕ್ಕೆ ಜಾಗ. ಅದರ ಕೆಳಗೆ, ‘ಮೇಲ್ಕಂಡ ಜಾನುವಾರುಗಳು ಕೊಟ್ಟಿಗೆಯಲ್ಲಿ ಕಟ್ಟಿದ್ದ ಸ್ಥಿತಿಯಲ್ಲಿ ನೀರಿಗೆ ಸಿಕ್ಕಿ ಸತ್ತಿರುತ್ತವೆ’ ಎಂಬ ಸಾಲು. ಕಟ್ಟಿದ್ದವು ಎಂದರೆ ಕಚೇರಿಯಲ್ಲಿ ಪ್ರಶ್ನೆ ಬರುವುದಿಲ್ಲ ಎಂದು ಅವನಿಗೆ ಯಾರೋ ಹೇಳಿದ್ದರು. ಕಟ್ಟಿದವರು, ಬಿಚ್ಚಿದವರು, ಅರ್ಧ ದಾರಿಯವರೆಗೆ ಹೊಡೆದುಕೊಂಡು ಹೋಗಿ ಬಿಟ್ಟುಬಂದವರು, ಎಲ್ಲರೂ ಸಹಿ ಹಾಕಿದರು. ಯಾರೂ ಓದಲಿಲ್ಲ. ಓದಿದ್ದರೂ ಹಾಕುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ.

ಸುಮಿತ್ರಮ್ಮ ಓದಿದರು. ಕನ್ನಡಕ ಒರೆಸಿಕೊಂಡು, ಗಟ್ಟಿಯಾಗಿ, ತಮಗೆ ತಾವೇ. ಆಮೇಲೆ ಸ್ಕೇಲ್ ಇಟ್ಟು ಆ ಸಾಲನ್ನು ಹೊಡೆದರು. ಪಕ್ಕದಲ್ಲಿ, ‘ನಾನೇ ಹಗ್ಗ ಬಿಚ್ಚಿ ಹೊರಗೆ ಬಿಟ್ಟೆ, ಎರಡು ಮರಳಿ ಬರಲಿಲ್ಲ’ ಎಂದು ಬರೆದು ಚಿಕ್ಕ ಸಹಿ ಹಾಕಿದರು. ಬೇರೆ ಯಾರಾದರೂ ಆಗಿದ್ದರೆ ಹೊಸ ಹಾಳೆಯಲ್ಲಿ ಬೇರೆಯಾಗಿ ಬರೆದುಕೊಡುತ್ತಿದ್ದರು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕೋರ್ಟಿನ ಕೈಯಲ್ಲವೇ, ತಿದ್ದಿದ್ದು ಎಲ್ಲರಿಗೂ ಕಾಣುವಂತೆಯೇ ತಿದ್ದಿತು. ನಾನು ಅವರ ಮೆಟ್ಟಿಲ ಮೇಲೆ ಕೂತು ಬ್ಯಾಂಕಿನ ಜಾಣತನವನ್ನೆಲ್ಲ ಖರ್ಚು ಮಾಡಿದೆ. ದನ ಹೋದದ್ದು ನಿಜ, ದುಡ್ಡು ಬರಬೇಕಾದದ್ದು ನಿಜ, ನಡುವೆ ಒಂದು ಸಾಲು ಹೇಗಿದ್ದರೇನು, ಸಹಿ ಹಾಕಿಬಿಡಿ ಎಂದೆ.

“ನಾನು ನೀರಿಗಿಳಿದು ಬಿಚ್ಚಿದ್ದನ್ನು ನೀವು ಮೇಲಿಂದ ನೋಡಿದ್ದೀರಿ ಅಲ್ದಾ?” ಎಂದರು. “ಮತ್ತೆ ಕಟ್ಟಿ ಕೊಂದೆ ಅಂತ ನನ್ನ ಕೈಯಲ್ಲೇ ಬರೆಸ್ತೀರಲ್ಲ ಮಾರಾಯ್ರೆ.”

ನಾನು ಎದ್ದು ಮೇಲೆ ಹೋದೆ. ಹೆಂಗಸಿಗೆ ಹಟ ಎಂದು ಶಾಲಿನಿಯ ಹತ್ತಿರ ಗೊಣಗಿದೆ.

ಆ ಹೊಡೆದ ಸಾಲು ಕಚೇರಿಯಲ್ಲಿ ಕೆಲಸ ಮಾಡಿತು. ಇಪ್ಪತ್ತೊಂದು ಅರ್ಜಿ ಒಂದು ರೀತಿ, ಒಂದು ಮಾತ್ರ ಬೇರೆ. ಉಳಿದವರದ್ದು ನಿಜವೋ ಸುಳ್ಳೋ ನೋಡಬೇಕು ಎಂದು ಇಡೀ ಕಟ್ಟನ್ನೇ ತಡೆಹಿಡಿದರು. ಪ್ರಳಯದಲ್ಲಿ ಪಾತ್ರೆ ಪಗಡೆಯನ್ನೂ ಕಳೆದುಕೊಂಡ ಜನ ಅವರು. ಓಣಿಯಲ್ಲಿ ಸುಮಿತ್ರಮ್ಮನಿಗೆ ಮುಖ ಕೊಟ್ಟು ಮಾತಾಡುವವರು ಇಲ್ಲವಾದರು. ನಿಮಗೆ ಪಿಂಚಣಿ ಬರುತ್ತದೆ, ಸತ್ಯ ಹೇಳಲು ನಿಮಗೇನು ಕಷ್ಟ ಎಂದು ಒಬ್ಬರು ಗೇಟಿನಲ್ಲೇ ನಿಂತು ಕೇಳಿದರು. ನ್ಯಾಯವಾದ ಮಾತು. ಸುಮಿತ್ರಮ್ಮನಿಗೂ ಅದು ನಾಟಿತು, ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ ಕಚೇರಿಗೆ ಹೋಗಿ, ನನ್ನ ಅರ್ಜಿ ಬೇರೆ ತೆಗೆದಿಡಿ, ಅವರದ್ದನ್ನು ತಡೆಯಬೇಡಿ ಎಂದು ಬರೆದುಕೊಟ್ಟು ಬಂದರು. ತಿಂಗಳೊಳಗೆ ಇಪ್ಪತ್ತೊಂದು ಮನೆಗೂ ಹಣ ಬಂತು. ಜುಬೈದಾ ಆ ದುಡ್ಡಿಗೆ ಸ್ವಲ್ಪ ಸಾಲ ಸೇರಿಸಿ ಒಂದು ಒಳ್ಳೆಯ ಹಸು ಕೊಂಡಳು. ಆದರೂ ಬೇಲಿಯಾಚೆಯಿಂದ ಮಾತು ಬರಲಿಲ್ಲ. ಸುಮಿತ್ರಮ್ಮನ ಅರ್ಜಿ ಮಾತ್ರ ಕಡತವಾಗಿ ತಿರುವನಂತಪುರಕ್ಕೆ ಹೋಯಿತು.

ಮರುವರ್ಷ ಜೂನಿನಲ್ಲಿ ಅಲ್ಲಿಂದ ವಿಚಾರಣೆಗೆ ಕರೆ ಬಂತು. ನೋಡಿದ ಸಾಕ್ಷಿ ಇದ್ದರೆ ಕರೆತರಬಹುದು ಎಂದಿದ್ದರು. ನೋಡಿದವನು ನಾನೊಬ್ಬನೇ. ರಜೆ ಇಲ್ಲ ಎನ್ನಲು ಬಾಯಿ ತೆರೆದೆ, ಶಾಲಿನಿ ಅಷ್ಟರಲ್ಲಿ ಟಿಕೆಟ್ ತೆಗೆಸಿಬಿಟ್ಟಿದ್ದಳು. ಬೆಳಗಿನ ರೈಲಿನಲ್ಲಿ ಹೋಗಿ, ಮೊದಲು ಅಲ್ಲೇ ಉಳ್ಳೂರು ಎಂಬಲ್ಲಿರುವ ಸುಮಿತ್ರಮ್ಮನ ತಂಗಿಯ ಮಗಳು ದೀಪ್ತಿಯ ಮನೆಯಲ್ಲಿ ಊಟ ಮಾಡಿದೆವು. ಮೆಡಿಕಲ್ ಕಾಲೇಜಿನ ಡಾಕ್ಟರ್ ಆಕೆ. ಇಷ್ಟು ವಯಸ್ಸಿಗೆ ಈ ಅಲೆದಾಟ ಯಾಕೆ ದೊಡ್ಡಮ್ಮ, ಎರಡು ದನದ ದುಡ್ಡು ನಾನು ಕೊಡುತ್ತೇನೆ, ಬಿಟ್ಟುಬಿಡಿ ಎಂದಳು. ದನ ನೀನು ಬಿಚ್ಚಿದ್ದಾ ಎಂದು ಕೇಳಿ ಸುಮಿತ್ರಮ್ಮ ಮೊಸರನ್ನ ಕಲಸಿಕೊಂಡರು.

ಕಚೇರಿಯಲ್ಲಿ ನಮ್ಮ ಕಡತ ಇದ್ದದ್ದು ನಿರ್ಮಲ ಎಂಬ ಅಧಿಕಾರಿಯ ಮೇಜಿನಲ್ಲಿ. ಗದರುವವರಲ್ಲ, ಚಹಾ ತರಿಸಿದರು. ಮಾತೆಲ್ಲ ಮಲಯಾಳದಲ್ಲಿ ನಡೆಯಿತು. ಸುಮಿತ್ರಮ್ಮ ಹೇಳಿದ್ದನ್ನು ನಾನು ಅವರ ಕನ್ನಡದಲ್ಲೇ ಬರೆಯುತ್ತೇನೆ, ಅವರಿಗೆ ಒಪ್ಪುವುದು ಅದೇ. ನಿರ್ಮಲ ಅವರ ತೊಂದರೆ ಸರಳವಾಗಿತ್ತು. ಸತ್ತ ದನಕ್ಕೆ ಪರಿಹಾರ ಕೊಡಬಹುದು, ಕಾಣೆಯಾದ ದನಕ್ಕೆ ಕೊಡಲು ಬರುವುದಿಲ್ಲ. ಕಟ್ಟಿದ ದನ ನೀರು ಬಂದಾಗ ಸತ್ತಿತು ಎಂದು ನಂಬಬಹುದು. ಬಿಟ್ಟ ದನ ಸತ್ತಿತು ಎನ್ನಲು ಏನು ಆಧಾರ? ನಾನು ಎದ್ದು ನಿಂತು, ಬಿಚ್ಚಿದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದೆ. ಬಿಚ್ಚಿದ್ದನ್ನು ಅವರೇ ಒಪ್ಪಿದ್ದಾರಲ್ಲ, ಸತ್ತದ್ದನ್ನು ನೋಡಿದಿರಾ ಎಂದರು. ಇಲ್ಲ ಎಂದು ಕೂತೆ. ಆಮೇಲೆ ಅವರು ಇನ್ನೊಂದು ಕಾಗದ ತೆಗೆದರು. ಮೂರರಲ್ಲಿ ಒಂದು ಹಸು ನಾಲ್ಕು ದಿನದ ಮೇಲೆ ಜೀವಂತ ಸಿಕ್ಕಿದೆ ಎಂದು ಸುಮಿತ್ರಮ್ಮನೇ ಬರೆದುಕೊಟ್ಟದ್ದು. ಯಾರೂ ಕೇಳಿರಲಿಲ್ಲ, ಇವರೇ ಬರೆದಿದ್ದರು. ಒಂದು ಬದುಕಿದೆಯಲ್ಲ, ಹಾಗಿದ್ದರೆ ಇನ್ನೆರಡೂ ಎಲ್ಲೋ ಯಾರದೋ ಕೊಟ್ಟಿಗೆಯಲ್ಲಿ ಇರಬಹುದಲ್ಲ ಎಂದರು ನಿರ್ಮಲ. ಬೊಳ್ಳಿ ಬದುಕಿ ಬಂದದ್ದೇ ಇವರಿಗೆ ಮುಳುವಾಯಿತೇ ಎಂದು ನನಗೆ ಸಿಟ್ಟು ಉಕ್ಕಿತು.

ನಿರ್ಮಲ ಡ್ರಾಯರಿನಿಂದ ಒಂದು ಖಾಲಿ ನಮೂನೆ ತೆಗೆದು ಮುಂದಿಟ್ಟರು. ಹಳೆಯದನ್ನು ಮರೆತುಬಿಡೋಣ, ಇದಕ್ಕೆ ಒಂದು ಸಹಿ ಹಾಕಿ, ಇಪ್ಪತ್ತು ದಿನದಲ್ಲಿ ಹಣ ಬರುವ ಹಾಗೆ ನಾನೇ ನೋಡಿಕೊಳ್ಳುತ್ತೇನೆ ಎಂದರು. ಕರುಣೆಯಿಂದಲೇ ಹೇಳಿದರು. ನಾನು ಪೆನ್ನು ತೆಗೆದು ಕೈಯಲ್ಲಿ ಹಿಡಿದೆ, ಅಷ್ಟು ಅಭ್ಯಾಸ.

ಸುಮಿತ್ರಮ್ಮ ನಮೂನೆಯನ್ನು ಅವರ ಕಡೆಗೇ ಸರಿಸಿದರು.

“ಕಟ್ಟಿ ಕೊಂದವರಿಗೆ ದುಡ್ಡುಂಟು, ಬಿಚ್ಚಿ ಬಿಟ್ಟವರಿಗೆ ಇಲ್ಲ. ಇದು ಓಣಿಯವರಿಗೆಲ್ಲ ಈಗ ಗೊತ್ತಾಗಿದೆ ಮೇಡಂ. ಮುಂದಿನ ಸಲ ನೀರು ಬಂದಾಗ ಯಾರೂ ಹಗ್ಗ ಮುಟ್ಲಿಕ್ಕಿಲ್ಲ. ನೀವು ಜನರಿಗೆ ಅದನ್ನೇ ಕಲಿಸಿದ್ದು.”

ಅಂಥದ್ದೇನೂ ಆಗುವುದಿಲ್ಲ ಎಂದು ನಿರ್ಮಲ ಹೇಳಿದರು. ‘ಮಾಲೀಕರೇ ಬಿಟ್ಟದ್ದು, ಕಾಣೆ’ ಎಂದು ಕಡತದಲ್ಲಿ ಬರೆದರು. ನಾವು ಮೆಟ್ಟಿಲಿಳಿದು ಬಂದೆವು. ರೈಲಿನಲ್ಲಿ ನಾನು ಮತ್ತೆ ಅದೇ ರಾಗ ತೆಗೆದೆ, ಒಂದು ಸಹಿಯ ಕೆಲಸವಾಗಿತ್ತು ಎಂದೆ. ನಿಮಗೆ ಎಲ್ಲ ಒಂದು ಸಹಿಯ ಕೆಲಸವೇ ಎಂದು ಕೊಲ್ಲಂ ದಾಟುವಾಗ ಅವರು ಒಮ್ಮೆ ಹೇಳಿದರು, ಅಷ್ಟೇ. ಆ ಮಾತು ನನ್ನನ್ನು ಬಹಳ ದಿನ ಚುಚ್ಚಿತು.

ಆಗಸ್ಟ್ ಬಂತು, ನೀರೂ ಬಂತು. ಈ ಸಲ ಬೆಳಿಗ್ಗೆ ಆರಕ್ಕೇ ದೋಣಿಯವರು ಬಂದು ಹೊರಡಿ ಹೊರಡಿ ಎಂದು ಕೂಗುತ್ತಿದ್ದರು. ನಮ್ಮ ಓಣಿಯಿಂದ ಮುಖ್ಯ ರಸ್ತೆಗೆ ಹೋಗುವ ದಾರಿ ಆಗಲೇ ಮುಳುಗಿತ್ತು. ದನ ಹತ್ತಿಸಿಕೊಳ್ಳುವ ದೋಣಿ ಇರಲಿಲ್ಲ. ಬಿಟ್ಟರೆ ಅವು ತಾವೇ ಈಜಿ ದಿಣ್ಣೆ ಸೇರಬೇಕು, ಇಲ್ಲವೇ ಹೊಳೆಯ ಪಾಲಾಗಬೇಕು. ಹನ್ನೊಂದು ಮನೆಗಳಲ್ಲಿ ದನಗಳಿದ್ದವು. ನಾನು ಬ್ಯಾಗ್ ಹಿಡಿದು ಕೆಳಗಿಳಿದಾಗ ಸುಮಿತ್ರಮ್ಮ ಬೊಳ್ಳಿಯನ್ನು ಬಿಟ್ಟಾಗಿತ್ತು. ಅದು ದಾರಿ ಗೊತ್ತಿದ್ದಂತೆ ಹೊರಟುಹೋಗಿತ್ತು. ಅವರು ಬೇಲಿಯ ಹತ್ತಿರ ನಿಂತು ಜುಬೈದಾಳನ್ನೇ ನೋಡುತ್ತಿದ್ದರು.

ಜುಬೈದಾ ಕೊಟ್ಟಿಗೆಯಲ್ಲಿ ಹಸುವಿನ ಕುತ್ತಿಗೆಗೆ ಕೈಹಾಕಿ ನಿಂತಿದ್ದಳು. ಅಳುತ್ತಿದ್ದಳು. ಹಗ್ಗ ಕಟ್ಟಿಯೇ ಇತ್ತು. ಹತ್ತು ತಿಂಗಳಲ್ಲಿ ಮೊದಲ ಸಲ ಅವಳು ಸುಮಿತ್ರಮ್ಮನನ್ನು ಅಕ್ಕ ಎಂದು ಕರೆದು ಮಾತಾಡಿದ್ದು ಆಗಲೇ.

“ಚೇಚಿ, ಹೋದ ಸಲ ಕಟ್ಟಿಟ್ಟು ಹೋಗಿದ್ದೆ, ಅವು ಕೂಗಿದ್ದು ದೋಣಿಗೂ ಕೇಳುತ್ತಿತ್ತು. ಆದರೂ ದುಡ್ಡು ಬಂತು. ಈ ಸಲ ಬಿಚ್ಚಿ ಕಳೆದುಕೊಂಡರೆ ಸಾಲ ಯಾರು ಕಟ್ಟುತ್ತಾರೆ?”

ಅವಳೊಬ್ಬಳೇ ಅಲ್ಲ. ಓಣಿಯ ಉದ್ದಕ್ಕೂ ಕೊಟ್ಟಿಗೆಗಳಲ್ಲಿ ದನಗಳು ಕಟ್ಟಿಯೇ ಇದ್ದವು. ನಿರ್ಮಲ ಅವರ ಮೇಜಿನ ಮುಂದೆ ಸುಮಿತ್ರಮ್ಮ ಹೇಳಿದ್ದು ನನಗೆ ನೆನಪಾಯಿತು. ಇವರಾರೂ ಕಟುಕರಲ್ಲ, ಎಮ್ಮೆಗೆ ಜ್ವರ ಬಂದರೆ ರಾತ್ರಿಯಿಡೀ ಕೂರುವವರು. ಒಂದು ಸಾಲಿಗೆ ಹೆದರಿ ಕೈಕಟ್ಟಿ ನಿಂತಿದ್ದರು. ಆ ಸಾಲಿಗೆ ಸಹಿ ಹಾಕಿ ಎಂದು ನಾನೂ ಹೇಳಿದ್ದೆನಲ್ಲ.

ಸುಮಿತ್ರಮ್ಮ ಒಳಗೆ ಹೋಗಿ ಒಂದು ಉದ್ದ ನೋಟ್‌ಬುಕ್ ತಂದರು. ಪ್ಲಾಸ್ಟಿಕ್ ಚೀಲದಲ್ಲಿ ಕೈಸಮೇತ ತೂರಿಸಿಕೊಂಡು, ಮಳೆಗೆ ನೆನೆಯದ ಹಾಗೆ ಬರೆಯತೊಡಗಿದರು. ಜುಬೈದಾಳ ಹೆಸರು, ಹಸುವಿನ ಬಣ್ಣ, ಕೊಂಬು, ಎಷ್ಟನೇ ಕರು, ಕಿವಿಯ ಹಳದಿ ಬಿಲ್ಲೆಯ ನಂಬರು. ಇಂಥ ದಿನ, ಬೆಳಿಗ್ಗೆ ಆರು ಇಪ್ಪತ್ತಕ್ಕೆ, ನೀರು ಮೊಣಕಾಲಿನ ಮೇಲಿದ್ದಾಗ, ಮೊದಲು ಬಿಚ್ಚಲು ಒಪ್ಪದಿದ್ದವಳು ಈಗ ಜೀವ ಉಳಿಯಲಿ ಎಂದು ಹಗ್ಗ ಬಿಚ್ಚುತ್ತಿದ್ದೇನೆ. ಬರೆದದ್ದನ್ನು ಗಟ್ಟಿಯಾಗಿ ಓದಿದರು. ದೋಣಿಯವನು ಬೈಯುತ್ತಿದ್ದ. ಇವರು ಒಂದು ಪದವನ್ನೂ ನುಂಗಲಿಲ್ಲ. ಸರಿಯಾ ಎಂದು ಕೇಳಿದರು, ಜುಬೈದಾ ತಲೆಯಾಡಿಸಿ ಸಹಿ ಹಾಕಿದಳು. ಆಮೇಲೆ ನೋಟ್‌ಬುಕ್ಕನ್ನು ನನ್ನ ಕಡೆ ಚಾಚಿದರು.

“ಸಾಕ್ಷಿ ನೀವು. ಹುದ್ದೆ ಸಮೇತ ಬರೀರಿ. ಸರ್ಕಾರ ಈ ಸಲ ಇಲ್ಲ ಅಂದ್ರೆ ನಾನು ಇವರೆಲ್ಲರನ್ನೂ ಕರ್ಕೊಂಡು ಹೋಗಿ ಆ ಕಚೇರಿಯ ಮೆಟ್ಟಿಲ ಮೇಲೆ ಕೂರ್ತೇನೆ.”

ನಾನು ಆವರೆಗೆ ಸಾವಿರಾರು ಸಹಿ ಹಾಕಿಸಿಕೊಂಡವನು. ಓದಿ ಸಹಿ ಹಾಕಿದ್ದು ಅದೇ ಮೊದಲು. ಜುಬೈದಾ ಕತ್ತಿ ತಂದು ಹಗ್ಗ ಕುಯ್ದಳು. ಹಸು ಹೊರಬಂದು, ಒಂದು ಸಲ ತಡವರಿಸಿ, ತಗ್ಗಿಗೆ ಇಳಿದು ಈಜತೊಡಗಿತು. ಅದನ್ನು ನೋಡಿ ಎದುರುಮನೆಯವರು ನಮ್ಮದೂ ಬರೀರಿ ಎಂದರು. ನಾವು ಮನೆಯಿಂದ ಮನೆಗೆ ಹೋದೆವು, ನಾನು ಮುಂದೆ ನೀರಿನ ಆಳ ನೋಡುತ್ತ, ಅವರು ಹಿಂದೆ. ಈ ಸಲ ನಾನು ಇಳಿದಿದ್ದೆ, ಹೆದರುತ್ತಲೇ. ಹಂಸಾ ಎಲ್ಲಿಂದಲೋ ಸೊಸೈಟಿಯ ಸೀಲ್ ಹಿಡಿದುಕೊಂಡು ಈಜಿ ಬಂದ. ಒಂದೊಂದು ಪುಟಕ್ಕೂ ಒತ್ತಿದ. ಒಂದೂವರೆ ಗಂಟೆಯಲ್ಲಿ ಹನ್ನೊಂದು ಮನೆಗಳ ಹತ್ತೊಂಬತ್ತು ದನಗಳು ಹಗ್ಗವಿಲ್ಲದೆ ದಿಣ್ಣೆಯ ಕಡೆ ಹೊರಟವು. ಕೊನೆಯ ದೋಣಿಯಲ್ಲಿ ನಾವು ಹತ್ತಿದೆವು. ನೋಟ್‌ಬುಕ್ ಸುಮಿತ್ರಮ್ಮನ ಎದೆಗೆ ಅಂಟಿಕೊಂಡೇ ಇತ್ತು.

ಹತ್ತೊಂಬತ್ತೂ ಸಿಕ್ಕವು. ಎರಡು ಮಾತ್ರ ದಿಣ್ಣೆ ಬಿಟ್ಟು ಒಂದು ಶಾಲೆಯ ಜಗುಲಿ ಹತ್ತಿ ನಿಂತಿದ್ದವು. ಪರಿಹಾರದ ಅರ್ಜಿ ಒಂದೂ ಹೋಗಲಿಲ್ಲ. ಆ ನೋಟ್‌ಬುಕ್ಕಿನಿಂದ ಯಾರಿಗೂ ಒಂದು ಪೈಸೆ ಬರಲಿಲ್ಲ, ಬರುವ ಅಗತ್ಯವೂ ಬೀಳಲಿಲ್ಲ. ಮುಗಿಯಿತಲ್ಲ ಎಂದು ನಾನು ಅಂದುಕೊಂಡೆ. ಸುಮಿತ್ರಮ್ಮ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ, ನಮ್ಮ ವಾರ್ಡಿನ ಹಾನಿ ವರದಿ ತರಿಸಿಕೊಂಡರು. ಜಾನುವಾರು ನಷ್ಟ ಎಂಬ ಕಡೆ ‘ಇಲ್ಲ’ ಎಂದಿತ್ತು. ಅದನ್ನು ನೋಡಿ ಅವರು ನಕ್ಕದ್ದು ಮಹಡಿಗೆ ಕೇಳಿಸಿತು.

ಅಕ್ಟೋಬರಿನಲ್ಲಿ ಮತ್ತೆ ತಿರುವನಂತಪುರ. ಈ ಸಲ ರಜೆ ನಾನೇ ಕೇಳಿದೆ. ಸುಮಿತ್ರಮ್ಮ ನಿರ್ಮಲ ಅವರ ಮೇಜಿನ ಮೇಲೆ ನೋಟ್‌ಬುಕ್ಕನ್ನೂ ವರದಿಯನ್ನೂ ಇಟ್ಟರು. ಹೋದ ಸಲ ಈ ಓಣಿಯ ಎಷ್ಟು ದನಗಳಿಗೆ ಪರಿಹಾರ ಕೊಟ್ಟಿರಿ, ಈ ಸಲ ಎಷ್ಟಕ್ಕೆ ಕೊಟ್ಟಿರಿ, ನೀವೇ ನೋಡಿ ಎಂದರು. ನಿರ್ಮಲ ನೋಟ್‌ಬುಕ್ ತೆರೆದರು. ನೀರಿನ ಕಲೆ, ಹಂಸಾನ ಸೀಲು, ಹನ್ನೊಂದು ಕೈಬರಹದ ಸಹಿಗಳು. ಅವರು ಪುಟ ಹಾರಿಸದೆ ಓದಿದರು, ಬಹಳ ಹೊತ್ತು. ಜುಬೈದಾಳ ಪುಟದಲ್ಲಿ ನಿಂತು, ಇವರು ಮೊದಲು ಬಿಚ್ಚಲು ಒಪ್ಪಲಿಲ್ಲವೇ ಎಂದು ಕೇಳಿದರು. ಒಪ್ಪಲಿಲ್ಲ ಎಂದೆ ನಾನು. ಯಾಕೆ ಎಂದು ಅವರು ಕೇಳಲಿಲ್ಲ. ಒಂದು ಹೊಸ ಹಾಳೆ ತೆಗೆದು, ನಿಮ್ಮ ಹೇಳಿಕೆಯನ್ನು ಇನ್ನೊಮ್ಮೆ ಕೊಡಿ, ನಾನೇ ಬರೆದುಕೊಳ್ಳುತ್ತೇನೆ ಎಂದರು.

“ಬರ್ಕೊಳ್ಳಿ,” ಎಂದರು ಸುಮಿತ್ರಮ್ಮ. “ನಾನೇ ಬಿಚ್ಚಿದೆ. ದುಡ್ಡು ಬರುದಿಲ್ಲ ಅಂತ ಗೊತ್ತಿದ್ರೂ ಬಿಚ್ತಿದ್ದೆ. ಮುಂದೆಯೂ ಬಿಚ್ತೇನೆ. ಅವು ಬದುಕಲಿಲ್ಲ, ಬದುಕಿದ್ರೆ ಮನೆಗೆ ಬರ್ತಿದ್ವು.”

ಡಿಸೆಂಬರಿನಲ್ಲಿ ಆದೇಶ ಬಂತು. ಅಂಚೆಯವನಿಂದ ಲಕೋಟೆ ತೆಗೆದುಕೊಂಡದ್ದು ನಾನು. ಹಿತ್ತಲಿಗೆ ಓಡಿದೆ. ಅವರು ಬೊಳ್ಳಿಗೆ ಹಿಂಡಿ ಕಲಸುತ್ತಿದ್ದರು, ಕೈ ಕೊಳೆಯಾಗಿತ್ತು, ನೀವೇ ಓದಿ ಎಂದರು. ನಾನು ಗಟ್ಟಿಯಾಗಿ, ಒಂದು ಪದವನ್ನೂ ಬಿಡದೆ ಓದಿದೆ. ಜೀವ ಉಳಿಸುವ ಉದ್ದೇಶದಿಂದ ಮಾಲೀಕರು ಹಗ್ಗ ಬಿಚ್ಚಿ ಬಿಟ್ಟಿದ್ದ ಎರಡು ಹಸುಗಳು ಪ್ರವಾಹದಲ್ಲಿ ಸತ್ತಿವೆ ಎಂದು ಈ ಮೂಲಕ ಒಪ್ಪಲಾಗಿದೆ, ಪರಿಹಾರ ಮಂಜೂರಾಗಿದೆ. ಗೆದ್ದಿರಿ ಸುಮಿತ್ರಮ್ಮ, ಒಂದು ಸುಳ್ಳಿಲ್ಲದೆ ಗೆದ್ದಿರಿ ಎಂದೆ.

ಅವರು ಹಿಂಡಿಯ ಬಕೆಟ್ಟಿನಿಂದ ಕೈ ತೆಗೆಯಲಿಲ್ಲ. ತಲೆ ಬಗ್ಗಿಸಿಯೇ ಕೂತಿದ್ದರು. ಅಳುತ್ತಿದ್ದಾರೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಪ್ರಳಯದ ದಿನ ಅತ್ತಿರಲಿಲ್ಲ, ಹೊಳೆಯುದ್ದಕ್ಕೂ ಹುಡುಕಿದಾಗ ಅತ್ತಿರಲಿಲ್ಲ, ಓಣಿಯೆಲ್ಲ ಬೈದಾಗಲೂ ಇಲ್ಲ.

“ಆ ಮೇಡಂ ಅವತ್ತು ಹೇಳಿದ್ರಲ್ಲ ಉಪೇಂದ್ರ, ಎಲ್ಲಿಯಾದ್ರೂ ಯಾರದ್ದಾದ್ರೂ ಹಟ್ಟಿಯಲ್ಲಿ ಇರಬಹುದು ಅಂತ. ಅವರ ಎದುರು ಜಗಳ ಆಡಿದೆ. ಮನಸ್ಸಿನಲ್ಲಿ ನನಗೂ ಹಾಗೇ ಒಂದು ಆಸೆ ಇತ್ತು,” ಎಂದರು. “ಇವತ್ತು ಸತ್ತವು.”